ಮ್ಯಾನೇಜರ್ ಸಿಟ್ಟಿನವ್ರಿದ್ರ ಕೆಲಸಗಾರರು ತಪ್ಪು ಯಾಕ ಮುಚ್ಚಿಡ್ತಾರ?

ಹೇಳಿದ್ರ ಬೈಸ್ಕೋಬೇಕಾಗ್ತೈತಿ ಅನ್ನೋ ಹೆದರಿಕಿಗೆ. ತಪ್ಪು ಒಪ್ಕೊಂಡ ಒಬ್ಬವ್ನಿಗೆ ಎಲ್ಲಾರ ಮುಂದ ಬೈದ್ರ ಸಾಕು, ನೋಡಿದ ಹತ್ತು ಮಂದಿ ಬಾಯಿ ಮುಚ್ಕೊಂಡಿರೋದ ಛಲೋ ಅಂತ ಅವತ್ತ ಕಲ್ತುಬಿಡ್ತಾರ.

ನಾನು ಬೆಳಗಾವಿ ಉದ್ಯಮಬಾಗದಾಗ ಒಂದು ಫೌಂಡ್ರಿಯೊಳಗ (ಕಬ್ಬಿಣ ಕರಗಿಸಿ ಉಸುಕಿನ ಅಚ್ಚಿಗೆ ಸುರಿಯೋ ಕಾರ್ಖಾನಿ) ಸೂಪರ್‌ವೈಸರ್ ಇದ್ದೆ. ಅಚ್ಚಿನ ಉಸುಕಿನ್ಯಾಗ ನೀರು ಹೆಚ್ಚಾದ್ರ ಕಾದ ಕಬ್ಬಿಣ ಸುರಿದಾಗ ಹಬೆ ಎದ್ದು ಕಾಸ್ಟಿಂಗ್ ಒಳಗ, ಅಂದ್ರ ಅಚ್ಚಿನ್ಯಾಗ ತಯಾರಾದ ಮಾಲಿನೊಳಗ, ತೂತು ಬೀಳ್ತಾವು, ಉಸುಕು ಹಿಡಿದವನ ಕೈಗೆ ಅದು ಮೊದ್ಲ ಗೊತ್ತಾಗ್ತೈತಿ. ಆದ್ರ ಸಿಟ್ಟಿನ ಸಾಹೇಬ್ರ ಕಾಲಕ್ಕ ಯಾರೂ ಹೇಳ್ತಿದ್ದಿಲ್ಲ, ಮಾಲು ರಿಜೆಕ್ಟ್ ಆಗಿ ವಾಪಸ್ ಬಂದ ಮ್ಯಾಲೇ ತಿಳೀತಿತ್ತು. ಅವ್ರ ನಂತರ ಬಂದವ್ರು ಸಿಟ್ಟು ಬಂದ್ರೂ ಚಾ ಕುಡ್ದು ಬಂದು "ಏನಾತಪಾ, ಎಲ್ಲಿ ತಪ್ಪಿತು?" ಅಂತ ಕೇಳೋರು, ಒಂದೆರಡು ತಿಂಗಳಿಗೆ ಹುಡುಗ್ರ ತಾವ ಬಂದು "ಸರ್, ಉಸುಕು ಹಸಿ ಐತ್ರಿ, ಸುರಿಯೂದು ಬ್ಯಾಡ್ರಿ" ಅನ್ನಾಕತ್ತಿದ್ರು.

ತನ್ನ ಸಿಟ್ಟು, ಎದುರಿಗಿದ್ದವನ ಹೆದರಿಕಿ ಎರಡನ್ನೂ ಗುರ್ತು ಹಿಡಿದು ಸಂಭಾಳಿಸೋದಕ್ಕ ಭಾವನಾತ್ಮಕ ಬುದ್ಧಿವಂತಿಕೆ ಅಂತಾರ. 1990ರ ದಶಕದಾಗ ಎಮಿ ಎಡ್ಮಂಡ್‌ಸನ್ ಅನ್ನೋ ಅಮೆರಿಕದ ಸಂಶೋಧಕಿ ಆಸ್ಪತ್ರೆಗಳಾಗ ನೋಡಿದ್ದೂ ಇದ: ಛಲೋ ಟೀಮ್‌ಗಳಾಗ ಔಷಧದ ತಪ್ಪು ಜಾಸ್ತಿ ದಾಖಲಾಗಿದ್ವು, ಯಾಕಂದ್ರ ಅಲ್ಲಿಯವ್ರು ಹೆದರದ ಹೇಳ್ತಿದ್ರು.

ಹಂಗಂತ ಬರೇ ಮೆತ್ತಗಿದ್ರ ನಡ್ಯೂದಿಲ್ಲ, ನಮ್ಮ ಆ ಎರಡನೇ ಸಾಹೇಬ್ರು ಅದ ತಪ್ಪು ಮತ್ತ ಮತ್ತ ಮಾಡಿದವನ್ನ ಕ್ಯಾಬಿನ್ನಿಗೆ ಕರ್ದು ಒಬ್ಬವ್ನಿಗೇ ಖಡಕ್ಕಾಗಿ ಹೇಳ್ತಿದ್ರು.