ಬಾಲ್ಕನಿ ರೇಲಿಂಗ್ ಕಂಬ ಅಲ್ಲಾಡ್ತಿದ್ದರೆ ಮೊದಲು ಬೋಲ್ಟ್ ಉದ್ದ ನೋಡಿ

ಮೇಡಂ, ಕೋಲಾರದ ನಿಮ್ಮ ಮನೆ ಬಾಲ್ಕನಿಯ ಸ್ಟೀಲ್ ಕಂಬ ಮೂರು ಸಲ ಬಿಗಿ ಮಾಡಿಸಿದರೂ ಅಲ್ಲಾಡುತ್ತೆ, ಏನು ಮಾಡೋದು ಅಂತ ಕೇಳಿದ್ದೀರಿ. ಮತ್ತೆ ಬಿಗಿ ಮಾಡಿಸಬೇಡಿ. ಒಂದು ಬೋಲ್ಟ್ ಬಿಚ್ಚಿಸಿ ಅಳೆದು ನೋಡಿ. ತುಮಕೂರಿನ ನಮ್ಮ ಮನೆಯಲ್ಲಿ ಬಿಚ್ಚಿದಾಗ ಬಂದಿದ್ದು 2 ಇಂಚಿನ ಬೋಲ್ಟ್. ತುದಿಗೆ ಅಂಟಿದ್ದು ಬರೀ ಟೈಲ್ಸ್ ಕೆಳಗಿನ ಗಾರೆ ಪುಡಿ. ಕಾಂಕ್ರೀಟನ್ನು ಅದು ಮುಟ್ಟೇ ಇರಲಿಲ್ಲ!

ಕಂಬ ಹಾರೆ ಮೀಟಿದ ಹಾಗೆ ಕೆಲಸ ಮಾಡುತ್ತೆ. 40 ಇಂಚು ಎತ್ತರದಲ್ಲಿ ಒಬ್ಬರು ಒರಗಿದರೆ, 4 ಇಂಚು ಅಂತರದ ಬೋಲ್ಟುಗಳ ಮೇಲೆ ಅವರು ಒತ್ತಿದ ಬಲದ ಸುಮಾರು 10 ಪಟ್ಟು ಎಳೆತ ಬೀಳುತ್ತೆ. ಗಾರೆ ಅದನ್ನು ತಡೆಯಲ್ಲ. ಬೇಸ್ ಪ್ಲೇಟ್ (ಕಂಬದ ಬುಡದ ಸ್ಟೀಲ್ ತಟ್ಟೆ) ಕೂರುವಷ್ಟು ಟೈಲ್ಸ್ ಕತ್ತರಿಸಿ, ಸ್ಲ್ಯಾಬ್ ಕಾಣಬೇಕು. ಅಂಚಿಗೆ ತೀರಾ ಹತ್ತಿರ ಹಿಗ್ಗುವ ಆಂಕರ್ (ಬಿಗಿ ಮಾಡಿದಾಗ ತೂತಿನೊಳಗೆ ಹಿಗ್ಗಿ ಹಿಡಿಯುವ ಬೋಲ್ಟ್) ಹಾಕಿದರೆ ಕಾಂಕ್ರೀಟ್ ಸೀಳುತ್ತೆ. ಆದಷ್ಟು ಒಳಗೆ ಸರಿಸಿ ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕಿಸಿ. ತೂತಿನ ಧೂಳನ್ನು ಬ್ರಷ್ ಹಾಕಿ, ಗಾಳಿ ಊದಿ ತೆಗೆಯುವ ತನಕ ನೀವೇ ಪಕ್ಕದಲ್ಲಿ ನಿಂತಿರಿ. ಧೂಳಿದ್ದರೆ ಅಂಟು ಗಟ್ಟಿಯಾಗಿ ಹಿಡಿಯೋದೇ ಇಲ್ಲ.

ರೇಲಿಂಗ್ ಎತ್ತರ 1 ಮೀಟರಿಗಿಂತ ಕಡಿಮೆ ಬೇಡ. ಮಗು ಇದೆ ಅಂದಿರಿ, ಕಂಬಿಗಳ ಸಂದು 4 ಇಂಚಿನೊಳಗೇ ಇರಲಿ. ಕೆಲಸ ಮುಗಿಯೋವರೆಗೂ ಬಾಲ್ಕನಿ ಬಾಗಿಲಿಗೆ ಮೇಲಿನ ಚಿಲಕ ಹಾಕಿಡಿ, ದಯವಿಟ್ಟು.