ಓದುಗರ ಪ್ರಶ್ನೆ: ಬಂಗಡೆ ರೇಟು, ಬಲೆಯ ಕಣ್ಣು

ಪ್ರಶ್ನೆ: ಜೂನ್ ಬಂತೆಂದರೆ ಬೆಳಗಾವಿಯಲ್ಲಿ ಬಂಗಡೆ ರೇಟು ಏರುತ್ತದೆ. ಮೀನುಗಾರಿಕೆ ನಿಷೇಧದಿಂದ ಕಡಲಿಗೆ ಲಾಭವಿದೆಯೇ, ಬರೀ ನಮ್ಮ ಜೇಬಿಗೆ ಕತ್ತರಿಯೇ?
— ಓದುಗರು, ಖಾನಾಪುರ

ಉತ್ತರ: ಲಾಭವಿದೆ, ಆದರೆ ಅರ್ಧ. ಕಾರವಾರ, ಗೋವಾ ಸೇರಿ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ತಾರ್ಲಿಯಂಥ (ಬೂತಾಯಿ) ಮೀನು ತತ್ತಿ ಇಡುವ ಕಾಲವದು. ತಕರಾರಿರುವುದು ಆಗಸ್ಟ್‌ನಲ್ಲಿ: ಬೋಟುಗಳೆಲ್ಲ ಒಟ್ಟಿಗೇ ಹೊರಟು, ಎರಡು ತಿಂಗಳು ಉಳಿಸಿದ ಮರಿಗಳನ್ನೇ ಬಳಿದು ತಂದರೆ ಉಳಿಸಿದ್ದೇನು?

ಅದಕ್ಕೇ ದಿನಗಳ ಲೆಕ್ಕಕ್ಕಿಂತ ಬಲೆಯ ಕಣ್ಣಿನ ಲೆಕ್ಕ ದೊಡ್ಡದು. ಬೋಟು ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯಲ್ಲಿ ಮೀನು ಕೂಡುವುದು ಹಿಂತುದಿಯ ಚೀಲದಲ್ಲಿ. ಅಲ್ಲಿ ಕಣ್ಣು ಶಂಕರಪೋಳಿ ಆಕಾರದಲ್ಲಿದ್ದರೆ, ಎಳೆತ ಬಿದ್ದೊಡನೆ ಬಿಗಿದು ಮುಚ್ಚಿಕೊಳ್ಳುತ್ತದೆ. ಬೆರಳುದ್ದದ ಮರಿಗೂ ದಾರಿಯಿಲ್ಲ. ಚೌಕ ಕಣ್ಣು ಎಳೆದರೂ ತೆರೆದೇ ಇರುತ್ತದೆ. ಕರ್ನಾಟಕದಲ್ಲಿ ಈ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣಿನ ನಿಯಮವಿದೆ. ಆದರೂ ಸಣ್ಣ ಕಣ್ಣಿನ ಬಲೆ ನಿಂತಿಲ್ಲ, ಏಕೆಂದರೆ ಮರಿಮೀನಿಗೂ ಗಿರಾಕಿಯಿದ್ದಾನೆ. ಫಿಶ್‌ಮೀಲ್ ಕಾರ್ಖಾನೆ ಅದನ್ನು ಒಣಗಿಸಿ ಪುಡಿ ಮಾಡುತ್ತದೆ, ಪುಡಿ ಕೋಳಿ ಮತ್ತು ಸಿಗಡಿಯ ಮೇವಿಗೆ ಹೋಗುತ್ತದೆ. ಬಲೆ ತಪಾಸಣೆ ಮಾಡಿ ಕಾರ್ಖಾನೆಯ ಗೇಟು ಬಿಟ್ಟರೆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಕೇರಳ 2015ರಲ್ಲಿ ಮೀನಿನ ಕನಿಷ್ಠ ಉದ್ದವನ್ನೇ ಗೊತ್ತುಮಾಡಿತು: ಬಂಗಡೆ 14 ಸೆಂ.ಮೀ., ತಾರ್ಲಿ 10. ಅದಕ್ಕಿಂತ ಗಿಡ್ಡದ್ದನ್ನು ನೀವೂ ಕೊಳ್ಳಬೇಡಿ. ಮೂತಿಯಿಂದ ಬಾಲದ ತುದಿವರೆಗೆ ಅಳೆಯಿರಿ.

ಪ್ರಶ್ನೆ: ಸವಳು ಹಿಡಿದ ಹೊಲದಲ್ಲಿ ಸಿಗಡಿ ಸಾಕಬಹುದೇ? ಕರಾವಳಿಯವರಂತೆ ಪರವಾನಗಿ ಬೇಕೇ?
— ಓದುಗರು, ಮುದ್ದೇಬಿಹಾಳ

ಉತ್ತರ: ಕರಾವಳಿಯವರಿಗೆ ಪರವಾನಗಿ ಕೊಡುವ ಕರಾವಳಿ ಜಲಕೃಷಿ ಪ್ರಾಧಿಕಾರದ ವ್ಯಾಪ್ತಿ ಭರತರೇಖೆಯಿಂದ (ಉಬ್ಬರದ ನೀರು ಮುಟ್ಟುವ ಗೆರೆ) ಒಳನಾಡಿಗೆ 2 ಕಿ.ಮೀ. ಮಾತ್ರ. ನಿಮ್ಮಲ್ಲಿ ಮೊದಲು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಹೊಂಡ ತೋಡುವುದು ಆಮೇಲೆ.

ಸವಳು ಹೊಲದಲ್ಲಿ ಸಿಗಡಿ ಸಾಕಣೆ ಕೆಡುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕೊರತೆಯಿಂದ. ಒಳನಾಡಿನ ಸವಳು ನೀರಲ್ಲಿ ಉಪ್ಪಿದ್ದರೂ ಪೊಟ್ಯಾಸಿಯಂ ಕಡಿಮೆ. ಪೊರೆ ಕಳಚಿದ ಸಿಗಡಿ ಗಟ್ಟಿಯಾಗದೆ ಸಾಯುತ್ತದೆ. ಸಮುದ್ರದಲ್ಲಿ ಸೋಡಿಯಂ–ಪೊಟ್ಯಾಸಿಯಂ ಪ್ರಮಾಣ ಸುಮಾರು 28:1. ನಿಮ್ಮ ನೀರಲ್ಲಿ ಸೋಡಿಯಂ ಲೀಟರಿಗೆ 1400 ಮಿ.ಗ್ರಾಂ ಇದ್ದರೆ ಪೊಟ್ಯಾಸಿಯಂ 50 ಬೇಕು. ಎಕರೆ ಹೊಂಡ, 1.2 ಮೀಟರ್ ನೀರಿಗೆ ಪೊಟ್ಯಾಸಿಯಂ ಲೀಟರಿಗೆ 10 ಮಿ.ಗ್ರಾಂ ಏರಿಸಲು 50 ಕೆ.ಜಿ.ಯ ಎರಡು ಚೀಲ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಗೊಬ್ಬರ ಹಿಡಿಯುತ್ತದೆ. ಈ ಖರ್ಚು ಲೆಕ್ಕ ಹಾಕಿಯೇ ಮುಂದುವರಿಯಿರಿ. ಹೊಂಡದ ನೀರನ್ನು ಹಳ್ಳಕ್ಕೆ ಬಿಟ್ಟರೆ ಪಕ್ಕದ ಹೊಲವೂ ಸವಳಾಗುತ್ತದೆ. ಬೇರೆ ಗುಂಡಿಯಲ್ಲಿ ತಂಗಿಸಿ, ಅದನ್ನೇ ಮುಂದಿನ ಬೆಳೆಗೆ ಬಳಸಿ.