ಓದುಗರ ಪ್ರಶ್ನೆ: ಸೂಜಿ ಮುರಿಯುವವರೆಗೂ ಕಾಯಬೇಕೆ?

ಪ್ರಶ್ನೆ: ನಮ್ಮ ಹೊಲಿಗೆ ಯಂತ್ರದಲ್ಲಿ ಹತ್ತಿ ಬಟ್ಟೆಗೆ ತೊಂದರೆಯಿಲ್ಲ. ಟಿ-ಶರ್ಟ್ ಬಟ್ಟೆ ಇಟ್ಟರೆ ಅಲ್ಲಲ್ಲಿ ಹೊಲಿಗೆ ಬಿಟ್ಟುಹೋಗುತ್ತದೆ. ದಾರದ ಬಿಗಿತ ಹೊಂದಿಸುವ ಟೆನ್ಷನ್ ತಿರುಗಿಸಿ ಸಾಕಾಯಿತು. ಸೂಜಿ ಮುರಿದಿಲ್ಲ, ಆದರೂ ಬದಲಿಸಬೇಕೆ?

ಉತ್ತರ: ಬದಲಿಸಿ. ಟೆನ್ಷನ್ ಮೊದಲಿದ್ದಲ್ಲಿಗೇ ತನ್ನಿ, ಪಾಪ ಅದರ ತಪ್ಪೇನೂ ಇರಲಾರದು. ಟಿ-ಶರ್ಟಿನಂಥ ಹೆಣೆದ ಬಟ್ಟೆಗೆ ಬೇಕಾದದ್ದು ಬಾಲ್‌ಪಾಯಿಂಟ್ ಸೂಜಿ. ಅದರ ದುಂಡು ಮೊನೆ ಎಳೆಗಳನ್ನು ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಸಾಮಾನ್ಯ ಸೂಜಿ, ಅದರಲ್ಲೂ ಮೊಂಡಾದದ್ದು, ಹಿಗ್ಗುವ ಬಟ್ಟೆಯನ್ನೂ ತನ್ನ ಜೊತೆ ಮೇಲೆ ಕೆಳಗೆ ಎಳೆದಾಡುತ್ತದೆ. ಆಗ ಸೂಜಿಗಣ್ಣಿನ ಹಿಂದೆ ದಾರದ ಕುಣಿಕೆ ಸರಿಯಾಗಿ ಮೂಡದೆ ಕೆಳಗೆ ದಾರ ಹಿಡಿಯುವ ಶಟಲ್ ಕೊಕ್ಕೆಗೆ ಸಿಗುವುದಿಲ್ಲ. ತೆಳು ಟಿ-ಶರ್ಟಿಗೆ 75/11 ಅಳತೆಯ ಸೂಜಿ ಸಾಕು, ದಪ್ಪದ್ದಕ್ಕೆ 90/14. ಇಲ್ಲಿ 90 ಎಂದರೆ ಸೂಜಿಯ ದಪ್ಪ 0.9 ಮಿ.ಮೀ.; 14 ಅದೇ ದಪ್ಪಕ್ಕೆ ಇನ್ನೊಂದು ಪದ್ಧತಿಯ ಸಂಖ್ಯೆ.

ಪ್ರಶ್ನೆ: ಹೊಸ ಸೂಜಿ ಎಷ್ಟು ದಿನ ಬರುತ್ತದೆ?

ಉತ್ತರ: ದಿನದ ಲೆಕ್ಕ ಬೇಡ, ಯಂತ್ರ ಓಡಿದ ಗಂಟೆ ನೋಡಿ. ಸುಮಾರು 8 ಗಂಟೆಗೊಮ್ಮೆ ಬದಲಿಸುವುದು ರೂಢಿ. ಜೀನ್ಸ್ ಹೊಲಿದರೆ ಇನ್ನೂ ಬೇಗ. ‘ಟಕ್ ಟಕ್’ ಸದ್ದು, ಎಳೆ ಕಿತ್ತುಬರುವುದು, ದಾರ ಸವೆದು ತುಂಡಾಗುವುದು ಕಂಡರೆ ಗಂಟೆಯನ್ನೂ ಎಣಿಸಬೇಡಿ. ಗುಂಡುಸೂಜಿಗೆ ತಗುಲಿದ್ದನ್ನಂತೂ ಮತ್ತೆ ಬಳಸಲೇಬಾರದು. ಹೊಸ ಸೂಜಿಯೂ ಸೊಟ್ಟಗಿರಬಹುದು: ಬುಡದ ಚಪ್ಪಟೆ ಬದಿಯನ್ನು ಗಾಜಿನ ಮೇಲಿಟ್ಟು ನೋಡಿ, ಕೆಳಗಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು. ಹಾಕುವಾಗ ಪೂರ್ತಿ ಮೇಲಕ್ಕೆ ತಳ್ಳಿಯೇ ಸ್ಕ್ರೂ ಬಿಗಿ ಮಾಡಿ.